ಲಾಖ್ ನೆಸ್‌ಗೆ ಹೋದರೆ ಯಾವ ದಡದಲ್ಲಿ ನಿಲ್ಲಬೇಕು?

ಪ್ರಶ್ನೆ: ಮಗ, ಸೊಸೆ ಎಡಿನ್‌ಬರಾದಲ್ಲಿದ್ದಾರೆ. ಸೆಪ್ಟೆಂಬರ್ ಎರಡನೇ ವಾರ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುತ್ತಿದ್ದೇವೆ. ಒಂಬತ್ತು ವರ್ಷದ ಮೊಮ್ಮಗಳು ಲಾಖ್ ನೆಸ್ ಸರೋವರದಲ್ಲಿದೆ ಅನ್ನುವ ದೈತ್ಯ ಪ್ರಾಣಿ ‘ನೆಸ್ಸಿ’ಯನ್ನು ನೋಡಲೇಬೇಕು ಎಂದು ಹಟ ಹಿಡಿದಿದ್ದಾಳೆ. ಬೆಳಿಗ್ಗೆ ಹೋಗಿ ರಾತ್ರಿ ಬರುವ ಬಸ್ ಟೂರ್ ಇದೆ ಅಂತ ಮಗ ಹೇಳುತ್ತಾನೆ. ಹೋಗಿ ಬಂದ ಸ್ನೇಹಿತೆಯೊಬ್ಬಳು ‘ಅಲ್ಲೇನಿದೆ, ಬರೀ ನೀರು’ ಅಂದಳು. ಮಗನ ಹತ್ತಿರ ಕಾರಿದೆ, ಮೂರು ದಿನ ರಜೆ ಹಾಕುತ್ತಾನೆ. ಯಜಮಾನರಿಗೆ ಮಂಡಿನೋವು. ನಾವು ಸಸ್ಯಾಹಾರಿಗಳು. ಹೋಗುವುದು ಸಾರ್ಥಕವೇ? ಹೋದರೆ ಏನೇನು ನೋಡಬೇಕು? – ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಸ್ನೇಹಿತೆ ಸುಳ್ಳು ಹೇಳಿಲ್ಲ. ಅವರು ಬಹುಶಃ ಬಸ್ಸಿನಲ್ಲಿ ಹೋಗಿರಬೇಕು. ನಾನು ಮೊದಲ ಸಲ ಹೋದದ್ದೂ ಹಾಗೇ. ಬೆಳಿಗ್ಗೆ ಎಂಟಕ್ಕೆ ಎಡಿನ್‌ಬರಾ ಬಿಟ್ಟೆವು, ಮಧ್ಯಾಹ್ನ ಲಾಖ್ ನೆಸ್ ದಡದಲ್ಲಿ ಇಳಿಸಿದರು. ಮಂಜು ಮುಸುಕಿತ್ತು. ದೋಣಿಯ ಟಿಕೆಟ್ ಸಾಲಿನಲ್ಲೇ ಅರ್ಧ ಹೊತ್ತು ಕಳೆಯಿತು. ಒಂದು ಹಸಿರು ಬೊಂಬೆ ಕೊಂಡು ಮತ್ತೆ ಬಸ್ ಹತ್ತಿದೆ. ಹನ್ನೆರಡು ಗಂಟೆಯ ಪ್ರವಾಸದಲ್ಲಿ ಸರೋವರವನ್ನು ನೆಟ್ಟಗೆ ನೋಡಿದ್ದು ಇಪ್ಪತ್ತೈದು ನಿಮಿಷ. ‘ಬರೀ ನೀರು’ ಅಂತ ನಾನೂ ಊರಿಗೆ ಫೋನ್ ಮಾಡಿ ಹೇಳಿದ್ದೆ.

ಆಮೇಲೆ ಈ ಕಡೆಯೇ ನೆಲೆಸಿದೆ. ಊರಿನಿಂದ ಬಂದವರನ್ನೆಲ್ಲ ಕರೆದುಕೊಂಡು ಎಷ್ಟೋ ಸಲ ಆ ಸರೋವರ ಸುತ್ತಿದ್ದೇನೆ. ಈಗ ನನ್ನ ಅಭಿಪ್ರಾಯ ಇಷ್ಟು: ಒಂದೇ ದಿನ ಇದ್ದರೆ ಲಾಖ್ ನೆಸ್‌ಗೆ ಹೋಗಬೇಡಿ. ಅದರ ಬದಲು ಲಾಖ್ ಲೋಮಂಡ್‌ಗೆ ಹೋಗಿ. ಎಡಿನ್‌ಬರಾದಿಂದ ಕಾರಿನಲ್ಲಿ ಒಂದೂವರೆ ಗಂಟೆ, ವಿಸ್ತೀರ್ಣದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಸರೋವರ ಅದು, ದ್ವೀಪಗಳಿವೆ, ಕಣ್ಣಿಗೆ ಬೇಗ ಒಲಿಯುತ್ತದೆ. ಲಾಖ್ ನೆಸ್ ಹಾಗೆ ಬೇಗ ಒಲಿಯುವ ಜಾತಿಯಲ್ಲ. ಅದಕ್ಕೆ ಎರಡು ರಾತ್ರಿ ಕೊಡಬೇಕು. ನಿಮ್ಮ ಹತ್ತಿರ ಮೂರು ದಿನವೂ ಇದೆ, ಕಾರೂ ಇದೆ. ಹಾಗಾಗಿ ಖಂಡಿತ ಹೋಗಿ.

ಮೊದಲು ಹೆಸರು. ‘ಲಾಖ್’ ಅಂದರೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಸರೋವರ. ಅದನ್ನು ‘ಲಾಕ್’ ಅಂದರೂ ಯಾರೂ ಬೈಯುವುದಿಲ್ಲ. ಆದರೆ ಸ್ಥಳೀಯರು ಕೊನೆಯ ಅಕ್ಷರವನ್ನು ಗಂಟಲು ಕೆರೆದುಕೊಂಡ ಹಾಗೆ ಹೇಳುತ್ತಾರೆ. ಸರೋವರಕ್ಕೆ ಹತ್ತಿರದ ದೊಡ್ಡ ಊರು ‘ಇನ್ವರ್ನೆಸ್’. ಹಾಗಂದರೆ ನೆಸ್ ನದಿಯ ಅಳಿವೆ. ಸರೋವರದಿಂದ ಹೊರಟ ನೆಸ್ ನದಿ ಊರಿನ ನಡುವೆ ಹರಿದು ಅಲ್ಲೇ ಸಮುದ್ರ ಸೇರುತ್ತದೆ. ಅರ್ಧ ದಿನದಲ್ಲಿ ನದಿ ಹುಟ್ಟುವುದನ್ನೂ ಮುಗಿಯುವುದನ್ನೂ ನೋಡಿಬಿಡಬಹುದು!

ಈ ‘ಬರೀ ನೀರು’ ಎಷ್ಟು ಅಂತ ಮೈಸೂರಿನವರಿಗೆ ಹೇಳುವುದು ಸುಲಭ. ಕೆಆರ್‌ಎಸ್ ತುಂಬಿದಾಗ ನೀರಿನ ಮಟ್ಟ 124.80 ಅಡಿ, ಸಂಗ್ರಹ 49 ಟಿಎಂಸಿ ಚಿಲ್ಲರೆ, ಅಲ್ವಾ? ಲಾಖ್ ನೆಸ್ ಹರಡಿರುವುದು ಸುಮಾರು 56 ಚದರ ಕಿಲೋಮೀಟರ್. ತುಂಬಿದ ಕೆಆರ್‌ಎಸ್‌ನ ಅರ್ಧಕ್ಕಿಂತಲೂ ಕಡಿಮೆ. ಆದರೆ ಅದರಲ್ಲಿರುವ ನೀರು 260 ಟಿಎಂಸಿ ಆಸುಪಾಸು. ಐದು ಕೆಆರ್‌ಎಸ್ ಹಿಡಿಯುವಷ್ಟು. ಎಲ್ಲಿ ಅಡಗಿದೆ ಅಷ್ಟು ನೀರು? ಆಳದಲ್ಲಿ. ಗರಿಷ್ಠ ಆಳ ಸುಮಾರು 230 ಮೀಟರ್, ಅಂದರೆ 750 ಅಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಕೆರೆ, ಸರೋವರಗಳ ನೀರು ಸೇರಿಸಿದರೂ ಇದರಷ್ಟಾಗುವುದಿಲ್ಲ.

ಉದ್ದ 37 ಕಿ.ಮೀ., ಅಗಲ ಒಂದೂವರೆ ಕಿ.ಮೀ. ಮಾತ್ರ. ಭೂಪಟದಲ್ಲಿ ನೋಡಿ, ಸ್ಕಾಟ್ಲೆಂಡನ್ನು ಯಾರೋ ಓರೆಯಾಗಿ ಚಾಕುವಿನಿಂದ ಸೀಳಿದ ಹಾಗಿದೆ. ಆ ಸೀಳಿಗೆ ಗ್ರೇಟ್ ಗ್ಲೆನ್ ಅಂತ ಹೆಸರು. ಕೋಟ್ಯಂತರ ವರ್ಷಗಳ ಹಿಂದೆ ಭೂಮಿ ಬಿರಿದ ಗೆರೆ ಅದು. ಹಿಮಯುಗದಲ್ಲಿ ಹಿಮನದಿ ಅದೇ ಗೆರೆಯನ್ನು ಹಿಡಿದು ಕೊರೆದು ಆಳ ಮಾಡಿತು. ದಡದಿಂದ ಸ್ವಲ್ಪ ದೂರ ಹೋದರೆ ಸಾಕು, ತಳ ಥಟ್ಟನೆ ಕುಸಿಯುತ್ತದೆ. ಮೊಮ್ಮಗಳು ನೀರಿಗಿಳಿಯುತ್ತೇನೆ ಅಂದರೆ ಪಾದ ಮುಳುಗುವಷ್ಟು ಸಾಕು. ಆಳದ ನೀರು ವರ್ಷವಿಡೀ 5–6 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸೆಪ್ಟೆಂಬರಿನಲ್ಲಿ ಮೇಲಿನ ನೀರು ಅದಕ್ಕಿಂತ ವಾಸಿ, ಆದರೂ ನಮ್ಮವರಿಗೆ ಐಸೇ.

ನೀರಿನ ಬಣ್ಣ ನೋಡಿ ‘ಗಲೀಜು’ ಅಂದುಕೊಳ್ಳಬೇಡಿ. ಸುತ್ತಲಿನ ಗುಡ್ಡಗಳ ಮೇಲೆ ಪೀಟ್ ಎಂಬ ಕಪ್ಪು ಮಣ್ಣಿದೆ. ಪಾಚಿ, ಹುಲ್ಲು ನೀರಲ್ಲಿ ನೆನೆದು, ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದದ್ದು. ಮಳೆ ನೀರು ಅದರ ಮೂಲಕ ಸೋಸಿ ಕೆಳಗೆ ಬರುತ್ತದೆ, ಥೇಟ್ ಕಾಫಿ ಡಿಕಾಕ್ಷನ್ ಇಳಿದ ಹಾಗೆ. ಗಾಜಿನ ಲೋಟದಲ್ಲಿ ಹಿಡಿದರೆ ತಿಳಿ ಕಂದು. ಆದರೆ ಸರೋವರದಲ್ಲಿ ಕೆಲವು ಮೀಟರ್ ಕೆಳಗೆ ಹೋದರೆ ಕತ್ತಲು. ಇಡೀ ನೆಸ್ಸಿ ಕಥೆ ನಿಂತಿರುವುದೇ ಈ ಡಿಕಾಕ್ಷನ್ ಮೇಲೆ. ತಳ ಕಾಣುವ ತಿಳಿ ನೀರಾಗಿದ್ದರೆ ಪ್ರಾಣಿಗೆ ಅಡಗಲು ಜಾಗವೇ ಇರುತ್ತಿರಲಿಲ್ಲ.

ಇನ್ನು ಆ ಪ್ರಾಣಿಯ ವಿಷಯ. ಮೊಮ್ಮಗಳಿಗೆ ಏನು ಹೇಳುವುದು ಅನ್ನುವುದೇ ನಿಮ್ಮ ಅಸಲಿ ಪ್ರಶ್ನೆ ಅಂತ ನನ್ನ ಅನುಮಾನ.

‘ಪುರಾತನ ಕಾಲದಿಂದಲೂ ಇದೆ’ ಎಂದು ಗೈಡ್‌ಗಳು ಹೇಳುತ್ತಾರೆ. 6ನೇ ಶತಮಾನದಲ್ಲಿ ಸಂತ ಕೊಲಂಬಾ ನೆಸ್ ನದಿಯಲ್ಲಿ ಒಂದು ಜಲಮೃಗವನ್ನು ಗದರಿಸಿ ಓಡಿಸಿದನಂತೆ. ಬರೆದದ್ದು ಸಂತ ತೀರಿಕೊಂಡು ನೂರು ವರ್ಷದ ಮೇಲೆ, ಬರೆದವನು ಅವನದೇ ಮಠದ ಮುಖ್ಯಸ್ಥ ಅಡಮ್ನನ್. ನಮ್ಮಲ್ಲೂ ಹುಲಿಯನ್ನು, ಹಾವನ್ನು ಮಾತಲ್ಲೇ ನಿಲ್ಲಿಸಿದ ಸಂತರಿಗೇನು ಕಡಿಮೆಯೇ? ಅದನ್ನು ಪವಾಡ ಕಥೆ ಅಂತ ಓದಿಕೊಳ್ಳಬೇಕು.

ಈಗಿನ ನೆಸ್ಸಿ ಹುಟ್ಟಿದ್ದು 1933ರಲ್ಲಿ. ಅದಕ್ಕೆ ಕಾರಣ ಒಂದು ರಸ್ತೆ ಅಂತ ನನಗನ್ನಿಸುತ್ತದೆ. ಆ ಹೊತ್ತಿಗೆ ಸರೋವರದ ವಾಯವ್ಯ ದಡದ ರಸ್ತೆಯನ್ನು ಅಗಲ ಮಾಡಿ ಹೊಸದಾಗಿ ಕಟ್ಟುತ್ತಿದ್ದರು. ಬಂಡೆ ಸಿಡಿಸಿದರು, ಮರ ಕಡಿದರು. ಅದುವರೆಗೆ ಪೊದೆ ಮರೆಯಲ್ಲಿದ್ದ ನೀರು ಉದ್ದಕ್ಕೂ ತೆರೆದುಕೊಂಡಿತು. ಕಾರಿನಲ್ಲಿ ಹೋಗುವವರು ಹೆಚ್ಚಾದರು, ನೋಡುವ ಕಣ್ಣುಗಳೂ ಹೆಚ್ಚಾದವು. ಆ ವರ್ಷ ಮೇ 2ರಂದು ‘ಇನ್ವರ್ನೆಸ್ ಕೊರಿಯರ್’ ಪತ್ರಿಕೆಯಲ್ಲಿ, ಒಬ್ಬ ದಂಪತಿ ನೀರಿನಲ್ಲಿ ತಿಮಿಂಗಿಲದಂಥ ಏನೋ ಹೊರಳಾಡಿದ್ದನ್ನು ನೋಡಿದರು ಎಂದು ಸುದ್ದಿ ಬಂತು. ಅಲ್ಲಿಂದ ಲಂಡನ್ ಪತ್ರಿಕೆಗಳು ಹಿಡಿದುಕೊಂಡವು. 1934ರ ಏಪ್ರಿಲ್‌ನಲ್ಲಿ ‘ಡೈಲಿ ಮೇಲ್’ ಆ ಪ್ರಸಿದ್ಧ ಫೋಟೊ ಹಾಕಿತು. ಉದ್ದ ಕತ್ತು, ಸಣ್ಣ ತಲೆ. ನಿಮ್ಮ ಮೊಮ್ಮಗಳ ಪುಸ್ತಕದಲ್ಲೂ ಅದೇ ಇರುತ್ತದೆ. ಲಂಡನ್ನಿನ ಒಬ್ಬ ವೈದ್ಯರ ಹೆಸರಿನಲ್ಲಿ ಬಂದಿತ್ತು, ಹಾಗಾಗಿ ಎಲ್ಲರೂ ನಂಬಿದರು. ಅರವತ್ತು ವರ್ಷ ಆದ ಮೇಲೆ, 1994ರಲ್ಲಿ ಗುಟ್ಟು ಬಯಲಾಯಿತು. ಆಟಿಕೆ ಜಲಾಂತರ್ಗಾಮಿಗೆ ಒಂದು ತಲೆ, ಕತ್ತು ಮಾಡಿ ಅಂಟಿಸಿ ತೇಲಿಬಿಟ್ಟಿದ್ದರು!

ಹಾಗಂತ ನೋಡಿದೆ ಅಂದವರೆಲ್ಲ ಸುಳ್ಳುಗಾರರಲ್ಲ. ಈ ಸರೋವರ ಕಣ್ಣಿಗೆ ಮೋಸ ಮಾಡುವುದರಲ್ಲಿ ಪಳಗಿದೆ. ಎರಡೂ ದಡ ಕಡಿದಾಗಿ, ನೇರವಾಗಿವೆ. ಒಂದು ದೋಣಿ ಹೋದರೆ ಅದು ಎಬ್ಬಿಸಿದ ಅಲೆಗಳು ದಡಕ್ಕೆ ಬಡಿದು ವಾಪಸ್ ಬಂದು ನಡುವೆ ಒಂದಕ್ಕೊಂದು ಸೇರುತ್ತವೆ. ದೋಣಿ ಕಣ್ಮರೆಯಾಗಿ ಎಷ್ಟೋ ಹೊತ್ತಾದ ಮೇಲೆ, ತಣ್ಣಗಿರುವ ನೀರಿನಲ್ಲಿ ಮೂರು ನಾಲ್ಕು ಕಪ್ಪು ಡುಬ್ಬಗಳು ಎದ್ದು ಸಾಗುತ್ತವೆ. ನಾನೇ ಎರಡು ಸಲ ನೋಡಿದ್ದೇನೆ. ಕಾರಣ ಗೊತ್ತಿದ್ದರೂ ಎದೆ ಒಂದು ಕ್ಷಣ ಝಲ್ ಅಂದದ್ದು ನಿಜ. ಜೊತೆಗೆ ಮೇಲಿನ ಬೆಚ್ಚನೆ ನೀರು, ಕೆಳಗಿನ ತಣ್ಣೀರು ಎರಡು ಪದರಗಳಾಗಿ ಇರುತ್ತವೆ. ಗಾಳಿ ಒಂದೇ ಸಮ ಬೀಸಿ ನಿಂತರೆ ಈ ಪದರಗಳು ತೊಟ್ಟಿಲಿನ ಹಾಗೆ ತೂಗುತ್ತವೆ. ಆಗ ಒಂದು ಮರದ ದಿಮ್ಮಿ ಗಾಳಿಗೆ ಎದುರಾಗಿ ತಾನೇ ಈಜಿದಂತೆ ಹೋಗಬಹುದು.

2018ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ಅವರ ತಂಡ ಸರೋವರದ ಬೇರೆ ಬೇರೆ ಆಳಗಳಿಂದ ನೀರು ತೆಗೆದು, ಅದರಲ್ಲಿ ಜೀವಿಗಳು ಬಿಟ್ಟ ಡಿಎನ್‌ಎ ಹುಡುಕಿತು. ಮಾರನೇ ವರ್ಷ ಫಲಿತಾಂಶ ಹೇಳಿದರು. ಸರೀಸೃಪದ ಡಿಎನ್‌ಎ ಇಲ್ಲವೇ ಇಲ್ಲ. ಹಾವುಮೀನಿನ ಡಿಎನ್‌ಎ ಮಾತ್ರ ಎಲ್ಲೆಲ್ಲೂ. ಮೊಮ್ಮಗಳಿಗೆ ಇದನ್ನು ಹೇಳಿ, ಬೇಜಾರಾಗುವುದಿಲ್ಲ. ‘ನೆಸ್ಸಿ ಇಲ್ಲ’ ಅನ್ನುವುದಕ್ಕಿಂತ ‘ಪತ್ತೇದಾರರು ಹೇಗೆ ಹುಡುಕಿದರು’ ಅನ್ನುವುದು ಒಂಬತ್ತು ವರ್ಷದವರಿಗೆ ಜಾಸ್ತಿ ರುಚಿಸುತ್ತದೆ. ಡ್ರಮ್‌ನಡ್ರಾಖಿಟ್ ಊರಿನ ಲಾಖ್ ನೆಸ್ ಸೆಂಟರ್‌ನಲ್ಲಿ ಈ ಹುಡುಕಾಟದ ಕಥೆಯನ್ನೇ ತೋರಿಸುತ್ತಾರೆ. ಮಳೆ ಬಂದರೆ ಹೋಗಿ. ಬಿಸಿಲಿದ್ದರೆ ಅವಳು ಹಟ ಮಾಡಿದರೆ ಮಾತ್ರ.

ಈಗ ದಾರಿ. ಎಡಿನ್‌ಬರಾದಿಂದ ಇನ್ವರ್ನೆಸ್ ಸುಮಾರು 250 ಕಿ.ಮೀ., ನಿಲ್ಲದೆ ಹೋದರೆ ಮೂರೂವರೆ ಗಂಟೆ. ಪರ್ತ್ ದಾಟಿದ ಮೇಲೆ ಎ9 ರಸ್ತೆ. ಎರಡು ಪಥ, ಒಂದು ಪಥ ಬದಲಾಗುತ್ತಲೇ ಇರುತ್ತದೆ. ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳಿವೆ, ಒಂದು ಕಂಬದ ಹತ್ತಿರ ಮಾತ್ರ ಬ್ರೇಕ್ ಒತ್ತಿದರೆ ಪ್ರಯೋಜನ ಇಲ್ಲ ಅಂತ ಮಗನಿಗೆ ಹೇಳಿ. ನಡುವೆ ಪಿಟ್‌ಲಾಕ್ರಿಯಲ್ಲಿ ಇಳಿದು ಮಂಡಿ ಸಡಿಲ ಮಾಡಿಕೊಳ್ಳಲಿ ನಿಮ್ಮ ಯಜಮಾನರು. ರೈಲಿಗೂ ಹೆಚ್ಚುಕಡಿಮೆ ಇಷ್ಟೇ ಹೊತ್ತು. ಅದು ಡ್ರಮಾಕ್ಟರ್ ಕಣಿವೆಯಲ್ಲಿ 452 ಮೀಟರ್ ಎತ್ತರ ಹತ್ತುತ್ತದೆ. ಬ್ರಿಟನ್ನಿನ ಮುಖ್ಯ ರೈಲು ಜಾಲದಲ್ಲಿ ಅದೇ ಅತಿ ಎತ್ತರದ ಜಾಗ. ಆದರೆ ಸರೋವರದ ಆಚೆ ದಡಕ್ಕೆ ಕಾರೇ ಬೇಕು, ಹಾಗಾಗಿ ಕಾರಿನಲ್ಲೇ ಬನ್ನಿ.

ಎರಡೂ ರಾತ್ರಿ ಇನ್ವರ್ನೆಸ್‌ನಲ್ಲೇ ಉಳಿಯಿರಿ. ಸರೋವರದ ದಡದ ಹಳ್ಳಿಯಲ್ಲಿ ಉಳಿಯುವುದು ಚೆಂದ ನಿಜ. ಆದರೆ ಹಳ್ಳಿಗಳಲ್ಲಿ ರಾತ್ರಿ ಎಂಟು ದಾಟಿದರೆ ಅಡುಗೆಮನೆ ಮುಚ್ಚಿಬಿಡುತ್ತಾರೆ. ಸಸ್ಯಾಹಾರ ಹುಡುಕಿಕೊಂಡು ಕತ್ತಲಲ್ಲಿ ಅಲೆಯುವುದು ಈ ವಯಸ್ಸಿಗೆ ಬೇಡ. ಇನ್ವರ್ನೆಸ್‌ನಲ್ಲಿ ಭಾರತೀಯ ಹೋಟೆಲುಗಳಿವೆ, ದೊಡ್ಡ ಅಂಗಡಿಗಳಿವೆ. ಅಡುಗೆಮನೆ ಇರುವ ಬಾಡಿಗೆ ಮನೆ ಸಿಕ್ಕರೆ ಇನ್ನೂ ಒಳ್ಳೆಯದು, ಒಂದು ಅನ್ನ ಸಾರು ಮಾಡಿಕೊಂಡರೆ ಎಲ್ಲರ ಮುಖವೂ ಅರಳುತ್ತದೆ. ಚಟ್ನಿಪುಡಿ, ಅವಲಕ್ಕಿ ತನ್ನಿ. ತುಪ್ಪ, ಪೇಡ ತರಬೇಡಿ, ಹಾಲಿನ ಪದಾರ್ಥವನ್ನು ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ.

ಮೊದಲ ದಿನ ತಲುಪುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಏನೂ ದೊಡ್ಡದು ಇಟ್ಟುಕೊಳ್ಳಬೇಡಿ. ನದಿಯ ದಂಡೆಯಲ್ಲಿ ನಡೆದರೆ ನೆಸ್ ಐಲ್ಯಾಂಡ್ಸ್ ಸಿಗುತ್ತವೆ. ನದಿಯ ನಡುವಿನ ಪುಟ್ಟ ದ್ವೀಪಗಳು, ತೂಗುಸೇತುವೆಗಳು, ದೊಡ್ಡ ಮರಗಳು. ಹಾದಿ ಸಮತಟ್ಟು, ಮಂಡಿಗೆ ತೊಂದರೆ ಇಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಒಂದು ಹಳೆಯ ಗೇಲಿಕ್ ಚರ್ಚನ್ನೇ ಹಳೆ ಪುಸ್ತಕದ ಅಂಗಡಿ ಮಾಡಿದ್ದಾರೆ, ಹೆಸರು ಲೀಕೀಸ್. ಒಳಗೆ ಸೌದೆ ಒಲೆ ಉರಿಯುತ್ತಿರುತ್ತದೆ, ಪುಸ್ತಕ ನೆಲದಿಂದ ಮಾಳಿಗೆವರೆಗೆ. ನಿಮ್ಮ ಯಜಮಾನರನ್ನು ಅಲ್ಲಿ ಬಿಟ್ಟು ನೀವು ಅಂಗಡಿ ಬೀದಿ ಸುತ್ತಿ ಬರಬಹುದು.

ಎರಡನೇ ದಿನ ಸರೋವರಕ್ಕೆ. ಇಲ್ಲೇ ನನ್ನ ಮುಖ್ಯ ಮಾತು. ಬಸ್ಸುಗಳೆಲ್ಲ ವಾಯವ್ಯ ದಡದ ಎ82 ರಸ್ತೆಯಲ್ಲಿ ಹೋಗುತ್ತವೆ, ಅದೇ 1933ರ ರಸ್ತೆ. ಕೋಟೆ, ದೋಣಿ, ಬೊಂಬೆ ಅಂಗಡಿ ಎಲ್ಲ ಅಲ್ಲೇ. ಎದುರು ದಡಕ್ಕೆ ಹೆಚ್ಚಿನವರು ಹೋಗುವುದೇ ಇಲ್ಲ. ನೀವು ಮೊದಲು ಅಲ್ಲಿಗೆ ಹೋಗಿ. ಸರೋವರವನ್ನು ಪೂರ್ತಿ ಸುತ್ತಿ ಬಂದರೆ 110 ಕಿ.ಮೀ. ಆಸುಪಾಸು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಆರಾಮಾಗಿ ಸಂಜೆಗೆ ಬರುತ್ತೀರಿ.

ಮೊದಲು ಸಿಗುವುದು ಡೋರ್ಸ್ ಎಂಬ ಹಳ್ಳಿ. ಅಲ್ಲಿ ಸರೋವರದ ತುದಿಯಲ್ಲಿ ಬೆಣಚುಕಲ್ಲುಗಳ ದಡ ಇದೆ. ಕಾರಿನಿಂದ ಇಳಿದು ಸ್ವಲ್ಪ ನಡೆದರೆ ಸಾಕು. ಅಲ್ಲಿ ನಿಂತು ಉದ್ದಕ್ಕೆ ನೋಡಿ. ಎರಡು ಕಡೆ ಗುಡ್ಡ, ನಡುವೆ ಕಪ್ಪು ನೀರು, ದೂರದಲ್ಲಿ ದಡವೇ ಕಾಣದೆ ನೀರು ಆಕಾಶದಲ್ಲಿ ಕರಗುತ್ತದೆ. ಅಡ್ಡಕ್ಕೆ ನೋಡಿದವರಿಗೆ ಇದು ಒಂದು ಅಗಲವಾದ ನದಿ. ಉದ್ದಕ್ಕೆ ನೋಡಿದವರಿಗೆ ಮಾತ್ರ ಲಾಖ್ ನೆಸ್. ಬಸ್ಸಿನವರು ಕಿಟಕಿಯಿಂದ ಅಡ್ಡಕ್ಕೇ ನೋಡಿಕೊಂಡು ಹೋಗುತ್ತಾರೆ, ಪಾಪ. ಅಂದ ಹಾಗೆ, ನೆಸ್ಸಿಗಾಗಿ ಕೆಲಸ, ಮನೆ ಬಿಟ್ಟು 1991ರಿಂದ ಕಾಯುತ್ತಿರುವ ಒಬ್ಬರು ನೆಲೆ ಹೂಡಿರುವುದೂ ಈ ದಡದಲ್ಲೇ. ಮೊಮ್ಮಗಳಿಗೆ ಹೇಳಿ.

ಡೋರ್ಸ್‌ನಿಂದ ಬಿ852 ರಸ್ತೆ ನೀರಿನ ಪಕ್ಕದಲ್ಲೇ ಹೋಗುತ್ತದೆ. ಬಹಳ ಕಡೆ ಒಂದೇ ಕಾರು ಹೋಗುವಷ್ಟು ಅಗಲ. ಎದುರಿನಿಂದ ಗಾಡಿ ಬಂದರೆ ‘ಪಾಸಿಂಗ್ ಪ್ಲೇಸ್’ ಎಂಬ ಉಬ್ಬುಜಾಗದಲ್ಲಿ ನಿಂತು ದಾರಿ ಬಿಡಬೇಕು. ಜಾಗ ನಿಮ್ಮ ಎಡಕ್ಕಿದ್ದರೆ ಅದರೊಳಗೆ ಹೋಗಿ. ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಕಡೆಯೇ ನಿಂತುಕೊಳ್ಳಿ, ಅವರು ಸುತ್ತಿಕೊಂಡು ಹೋಗುತ್ತಾರೆ. ಹಿಂದಿನಿಂದ ಸ್ಥಳೀಯರು ಆತುರದಲ್ಲಿ ಬಂದರೂ ಹೀಗೇ ಬಿಡಿ. ದಾರಿ ಬಿಟ್ಟವರಿಗೆ ಕೈ ಎತ್ತುವುದು ಇಲ್ಲಿಯ ವಾಡಿಕೆ. ಮೊಮ್ಮಗಳಿಗೆ ಆ ಕೆಲಸ ವಹಿಸಿ. ಫೋಟೊ ತೆಗೆಯಲು ಮಾತ್ರ ಆ ಜಾಗದಲ್ಲಿ ಕಾರು ನಿಲ್ಲಿಸಬಾರದು. ನಮ್ಮವರು ಮಾಡುವ ತಪ್ಪು ಅದೊಂದೇ.

ಮುಂದೆ ಫಾಯರ್ಸ್ ಜಲಪಾತ. ಅಂಗಡಿ ಎದುರಿನಿಂದ ಕಾಡಿನೊಳಗೆ ಮೆಟ್ಟಿಲು ಇಳಿಯುತ್ತವೆ. ಇಳಿಯುವುದು ಸುಲಭ, ಹತ್ತುವುದು ಮಂಡಿಗೆ ಶಿಕ್ಷೆ. ನಿಮ್ಮ ಯಜಮಾನರು ಮೇಲೆ ಕೂತು ಒಂದು ಕಪ್ ಚಹಾ ಕುಡಿಯಲಿ. ಜೋಗ ನೋಡಿದ ಕಣ್ಣಿಗೆ ಇದು ಸಣ್ಣದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೋಗಕ್ಕೂ ಇದಕ್ಕೂ ಇನ್ನೊಂದು ಹೋಲಿಕೆ ಇದೆ. ಕವಿ ರಾಬರ್ಟ್ ಬರ್ನ್ಸ್ 1787ರಲ್ಲಿ ಇಲ್ಲಿ ನಿಂತು ಪದ್ಯ ಬರೆದಾಗ ನೀರು ಭೋರ್ಗರೆಯುತ್ತಿತ್ತು. 1896ರಲ್ಲಿ ಇಲ್ಲೊಂದು ಅಲ್ಯೂಮಿನಿಯಂ ಕಾರ್ಖಾನೆ ಬಂತು, ಈ ನೀರಿನಿಂದಲೇ ವಿದ್ಯುತ್ ಮಾಡಿಕೊಂಡಿತು. ಈಗ ಅದೇ ಜಾಗದಲ್ಲಿ 300 ಮೆಗಾವಾಟ್‌ನ ವಿದ್ಯುತ್ ಕೇಂದ್ರ ಇದೆ. ಕರೆಂಟ್ ಬೇಡಿಕೆ ಕಡಿಮೆ ಇರುವಾಗ ಲಾಖ್ ನೆಸ್ ನೀರನ್ನು ಗುಡ್ಡದ ಮೇಲಿನ ಲಾಖ್ ಮೋರ್‌ಗೆ ಪಂಪ್ ಮಾಡಿ ಇಟ್ಟುಕೊಳ್ಳುತ್ತದೆ, ಬೇಡಿಕೆ ಬಂದಾಗ ಬಿಡುತ್ತದೆ. ಜಲಪಾತಕ್ಕೆ ಉಳಿದದ್ದು ಮಿಕ್ಕ ನೀರು. ಹಿಂದಿನ ದಿನ ಚೆನ್ನಾಗಿ ಮಳೆ ಆಗಿದ್ದರೆ ಇಳಿಯಿರಿ, ಇಲ್ಲವಾದರೆ ಮೇಲಿನಿಂದಲೇ ನಮಸ್ಕಾರ ಹಾಕಿ. ಆ ಪೈನ್ ಮರಗಳಲ್ಲಿ ಕೆಂಪು ಅಳಿಲುಗಳಿವೆ. ನಮ್ಮ ಅಳಿಲಿಗಿಂತ ದಪ್ಪ, ಕಿವಿಯ ಮೇಲೆ ಜುಟ್ಟು.

ಫಾಯರ್ಸ್ ಆದ ಮೇಲೆ ರಸ್ತೆ ನೀರು ಬಿಟ್ಟು ಗುಡ್ಡ ಹತ್ತುತ್ತದೆ. 18ನೇ ಶತಮಾನದಲ್ಲಿ ಜನರಲ್ ವೇಡ್ ಸೈನ್ಯಕ್ಕಾಗಿ ಕಟ್ಟಿಸಿದ ದಾರಿಯ ಜಾಡು ಇದು. ಮೇಲೆ ಸ್ವೀಯ ಎಂಬ ವೀಕ್ಷಣಾ ಸ್ಥಳ ಇದೆ, ಗೇಲಿಕ್‌ನಲ್ಲಿ ‘ಕೂರುವ ಜಾಗ’ ಅಂತಲೇ ಅರ್ಥ. ಕಾರು ನಿಲ್ಲಿಸುವ ಕಡೆಯಿಂದಲೇ ನೋಟ ಚೆನ್ನಾಗಿದೆ. ಸೆಪ್ಟೆಂಬರ್ ಮೊದಲರ್ಧದಲ್ಲಿ ಬರುತ್ತಿದ್ದೀರಲ್ಲ, ಹೆದರ್ ಎಂಬ ಕುರುಚಲು ಗಿಡ ಇನ್ನೂ ಹೂ ಬಿಟ್ಟಿರುತ್ತದೆ. ಗುಡ್ಡಕ್ಕೆ ಗುಡ್ಡವೇ ನೇರಳೆ. ನನ್ನನ್ನು ಕೇಳಿದರೆ ಇಡೀ ದಿನದಲ್ಲಿ ಒಂದೇ ಕಡೆ ನಿಲ್ಲಿ ಅಂದರೆ ಇಲ್ಲೇ ನಿಲ್ಲುತ್ತೇನೆ, ಲಾಖ್ ನೆಸ್ ಬಿಟ್ಟೇ!

ಇಳಿದರೆ ಫೋರ್ಟ್ ಅಗಸ್ಟಸ್, ಸರೋವರದ ಇನ್ನೊಂದು ತುದಿ. ಮಧ್ಯಾಹ್ನದ ಊಟ ಇಲ್ಲಿ. ಹೋಟೆಲಿನವರು ಸೂಪ್ ‘ವೆಜಿಟೆಬಲ್’ ಅಂದರೂ ಯಾವ ಸ್ಟಾಕ್ (ಏನನ್ನಾದರೂ ಬೇಯಿಸಿ ತೆಗೆದ ರಸ) ಹಾಕಿದ್ದಾರೆ ಎಂದು ಕೇಳಿಕೊಳ್ಳಿ, ಮಾಂಸದ ಸ್ಟಾಕ್ ಇರುವುದುಂಟು. ಸಿಪ್ಪೆ ಸಹಿತ ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಚೀಸ್ ಅಥವಾ ಬೀನ್ಸ್, ಅದು ಎಲ್ಲ ಕಡೆ ಸಿಗುತ್ತದೆ. ವೆಜಿಟೇರಿಯನ್ ಹ್ಯಾಗಿಸ್ ಕೂಡ ತಿನ್ನಿ. ಬೇಳೆ, ಓಟ್ಸ್, ಮೆಣಸಿನ ಖಾರ ಇರುತ್ತದೆ, ನಮ್ಮ ನಾಲಿಗೆಗೆ ಒಗ್ಗುತ್ತದೆ. ‘ಟ್ಯಾಬ್ಲೆಟ್’ ಎಂಬ ಸಿಹಿ ಕಂಡರೆ ಕೊಳ್ಳಿ. ಸಕ್ಕರೆ, ಬೆಣ್ಣೆ, ಗಟ್ಟಿಹಾಲಿನ ಬರ್ಫಿ ಅದು, ಬೇರೇನಲ್ಲ.

ಈ ಊರಿನಲ್ಲಿ ಕ್ಯಾಲೆಡೋನಿಯನ್ ಕಾಲುವೆ ಸರೋವರಕ್ಕೆ ಇಳಿಯುತ್ತದೆ. ಥಾಮಸ್ ಟೆಲ್‌ಫರ್ಡ್ ಎಂಬ ಎಂಜಿನಿಯರ್ 1803ರಲ್ಲಿ ಶುರು ಮಾಡಿದ್ದು, 1822ರಲ್ಲಿ ತೆರೆದದ್ದು. ಒಟ್ಟು 97 ಕಿ.ಮೀ., ಅದರಲ್ಲಿ ತೋಡಿದ್ದು 35 ಕಿ.ಮೀ. ಮಾತ್ರ, ಉಳಿದದ್ದು ಗ್ರೇಟ್ ಗ್ಲೆನ್‌ನ ಸರೋವರಗಳು. ಉತ್ತರದ ಬಿರುಗಾಳಿ ಕಡಲು ಸುತ್ತದೆ ಹಡಗುಗಳು ಒಳಗಿಂದ ದಾಟಲಿ ಅಂತ ಲೆಕ್ಕಾಚಾರ. ಮುಗಿಯುವಷ್ಟರಲ್ಲಿ ಹಡಗುಗಳೇ ದೊಡ್ಡವಾಗಿಬಿಟ್ಟವು, ಕಾಲುವೆ ಸಾಲದಾಯಿತು. ಸರ್ಕಾರಿ ಕೆಲಸ ಎಲ್ಲ ಕಡೆ ಒಂದೇ! ಊರ ನಡುವೆ ಐದು ‘ಲಾಕ್’ಗಳು ಮೆಟ್ಟಿಲಿನ ಹಾಗೆ ಸಾಲಾಗಿವೆ. ಇವು ಸರೋವರದ ‘ಲಾಖ್’ ಅಲ್ಲ, ನೀರಿನ ಬಾಗಿಲುಗಳು. ದೋಣಿ ಒಂದು ತೊಟ್ಟಿಯೊಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತಾರೆ, ಮೇಲಿನಿಂದ ನೀರು ತುಂಬಿಸುತ್ತಾರೆ, ದೋಣಿ ಏರುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಹೀಗೆ ಐದು ಸಲ. ಪಕ್ಕದ ಹುಲ್ಲಿನ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತ ನೋಡಬಹುದು, ಕಾಸು ಖರ್ಚಿಲ್ಲ. ನಾನು ಕರೆದುಕೊಂಡು ಬಂದ ಮಕ್ಕಳೆಲ್ಲ ನೆಸ್ಸಿಯನ್ನು ಮರೆತದ್ದು ಇಲ್ಲೇ.

ವಾಪಸ್ ಬರುವುದು ಎ82ರಲ್ಲಿ. ಇನ್ವರ್‌ಮಾರಿಸ್ಟನ್‌ನಲ್ಲಿ ಟೆಲ್‌ಫರ್ಡನ ಹಳೆಯ ಕಲ್ಲುಸೇತುವೆ, ಕೆಳಗೆ ಬಂಡೆಗಳ ಮೇಲೆ ಹಾರುವ ನದಿ, ಹತ್ತು ನಿಮಿಷ ಸಾಕು. ಅದಾದ ಮೇಲೆ ರಸ್ತೆ ಪಕ್ಕದಲ್ಲಿ ಒಂದು ಕಲ್ಲಿನ ಸ್ಮಾರಕ ಕಾಣುತ್ತದೆ. 1952ರ ಸೆಪ್ಟೆಂಬರ್ 29ರಂದು ಜಾನ್ ಕಾಬ್ ಎಂಬಾತ ನೀರಿನ ಮೇಲಿನ ವೇಗದ ದಾಖಲೆಗಾಗಿ ಜೆಟ್ ದೋಣಿ ಓಡಿಸಿ, ಗಂಟೆಗೆ 320 ಕಿ.ಮೀ. ದಾಟಿದಾಗ ದೋಣಿ ಛಿದ್ರವಾಗಿ ಸತ್ತ ಜಾಗ ಅದು.

ಕೊನೆಗೆ ಅರ್ಕರ್ಟ್ ಕೋಟೆ. ಎಡಿನ್‌ಬರಾದ ಬಸ್ಸುಗಳು ನಾಲ್ಕರ ಹೊತ್ತಿಗೆ ಬಹುಪಾಲು ಹೊರಟುಬಿಡುತ್ತವೆ, ಆಗ ಹೋಗಿ. ಮುಚ್ಚುವ ವೇಳೆ ಮೊದಲೇ ನೋಡಿಕೊಂಡು ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಮೊದಲು ಒಂದು ಚಿಕ್ಕ ಚಿತ್ರ ತೋರಿಸುತ್ತಾರೆ. ಮುಗಿದೊಡನೆ ಪರದೆ ಸರಿಯುತ್ತದೆ, ಎದುರಿಗೆ ಗಾಜಿನಾಚೆ ಪಾಳು ಕೋಟೆ, ಹಿಂದೆ ನೀರು. ಸ್ವಲ್ಪ ನಾಟಕೀಯ, ಆದರೂ ಚೆನ್ನಾಗಿದೆ. ಕೋಟೆ ಹೀಗೆ ಮುರಿದಿರುವುದು ಕಾಲದ ಹೊಡೆತಕ್ಕಷ್ಟೇ ಅಲ್ಲ. 1692ರಲ್ಲಿ ಇಲ್ಲಿದ್ದ ಸರ್ಕಾರಿ ಸೈನಿಕರು ಹೊರಡುವಾಗ, ಮತ್ತೆ ಶತ್ರುಗಳ ಕೈಗೆ ಸಿಗದಿರಲಿ ಎಂದು ಮದ್ದಿಟ್ಟು ಸಿಡಿಸಿದರು. ಬಾಗಿಲ ಬಳಿ ಬಿದ್ದಿರುವ ಗೋಡೆಯ ತುಂಡನ್ನು ನೋಡಿದರೆ ಸ್ಫೋಟದ ಬಲ ಗೊತ್ತಾಗುತ್ತದೆ. ಕಾರು ನಿಲ್ಲಿಸುವ ಕಡೆಯಿಂದ ಕೋಟೆಗೆ ಇಳಿಜಾರು. ಮಂಡಿನೋವಿನವರು ಮೇಲಿನ ಕಟ್ಟೆಯಿಂದಲೇ ನೋಡಬಹುದು, ಫೋಟೊಗೂ ಅದೇ ಒಳ್ಳೆಯ ಜಾಗ.

ದೋಣಿ ಬೇಕೇ ಬೇಕು ಅಂದರೆ ಒಂದು ಗಂಟೆಯ ಸವಾರಿ ಸಾಕು. ಫೋರ್ಟ್ ಅಗಸ್ಟಸ್‌ನಿಂದಲೂ ಇದೆ, ಎ82ರ ಕ್ಲಾನ್ಸ್‌ಮನ್ ಹಾರ್ಬರ್‌ನಿಂದಲೂ ಇದೆ. ಶಬ್ದದ ಅಲೆ ಕಳಿಸಿ ಆಳ ತೋರಿಸುವ ಸೋನಾರ್ ಪರದೆ ಇರುವ ದೋಣಿ ಹಿಡಿಯಿರಿ. ತಳ 200 ಮೀಟರಿಗೂ ಕೆಳಗೆ ಗೆರೆಯಾಗಿ ಇಳಿಯುವುದನ್ನು ಮೊಮ್ಮಗಳು ಕಣ್ಣಾರೆ ನೋಡಲಿ. ಒಳಗೆ ಬೆಚ್ಚಗೆ ಕೂರಬಹುದು, ಆದರೆ ಮೇಲೆ ನಿಂತರೆ ಗಾಳಿ ಕಿವಿ ಕಚ್ಚುತ್ತದೆ.

ಮೂರನೇ ದಿನ ಹಿಂದಿರುಗುವ ಮೊದಲು ಕಲಾಡನ್ ರಣಭೂಮಿ. ಇನ್ವರ್ನೆಸ್‌ನಿಂದ ಇಪ್ಪತ್ತು ನಿಮಿಷ. 1746ರ ಏಪ್ರಿಲ್ 16ರಂದು, ಒಂದು ಗಂಟೆಯೂ ಹಿಡಿಯದ ಯುದ್ಧದಲ್ಲಿ, ಪದಚ್ಯುತ ಸ್ಟುವರ್ಟ್ ರಾಜವಂಶದ ಪರ ನಿಂತ ಜಾಕೊಬೈಟ್ ಸೈನ್ಯ ನಾಶವಾಯಿತು. ಅವರ ಕಡೆ ಸತ್ತವರು ಸುಮಾರು 1,500. ಬಯಲು ಸಮತಟ್ಟು, ಎರಡು ಸೈನ್ಯ ನಿಂತ ಸಾಲುಗಳನ್ನು ಕೆಂಪು, ನೀಲಿ ಬಾವುಟಗಳಿಂದ ಗುರುತು ಮಾಡಿದ್ದಾರೆ. ನಡುವೆ ಕುಲಗಳ ಹೆಸರು ಕೊರೆದ ಸಮಾಧಿ ಕಲ್ಲುಗಳು. ಇಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತಾರೆ, ಈಗಲೂ.

ಮೈಸೂರಿನವರಿಗೆ ಇಲ್ಲೊಂದು ಎಳೆ ಇದೆ. ಈ ಬಂಡಾಯದಲ್ಲಿದ್ದ ಒಬ್ಬ ಕುಲೀನನ ಮಗ, ಲಾರ್ಡ್ ಮ್ಯಾಕ್ಲಾಯ್ಡ್, ಕಲಾಡನ್ ಯುದ್ಧದ ಹಿಂದಿನ ದಿನವೇ ತಂದೆಯ ಜೊತೆ ಸೆರೆಸಿಕ್ಕ. ಕ್ಷಮೆ ಸಿಕ್ಕಿತು, ಆದರೆ ಮನೆತನದ ಜಮೀನು ಹೋಯಿತು. ಸ್ವೀಡನ್ನಿನ ಸೈನ್ಯದಲ್ಲಿ ದುಡಿದು ವಾಪಸ್ ಬಂದವನು, 1777ರಲ್ಲಿ ಅದೇ ಬ್ರಿಟಿಷ್ ರಾಜಮನೆತನಕ್ಕಾಗಿ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಗುಡ್ಡಗಾಡು) ಹುಡುಗರ ಪಡೆ ಕಟ್ಟಿಕೊಟ್ಟ. ಆ ಪಡೆ ಬಂದದ್ದು ಭಾರತಕ್ಕೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರಾಲಿ, ಟಿಪ್ಪು ಸೈನ್ಯ ಅದರ ಒಂದು ಭಾಗವನ್ನು ಅಳಿಸಿಹಾಕಿತು. ಬದುಕುಳಿದವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಒಬ್ಬ. ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷ ಸೆರೆಯಲ್ಲಿದ್ದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ದಾಳಿಯ ಮುಂದಾಳು ಅವನೇ. ಶ್ರೀರಂಗಪಟ್ಟಣದ ಬಂದೀಖಾನೆಯನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಆ ಕಥೆಯ ಒಂದು ತುದಿ ಈ ಬಯಲಿನ ಕಡೆಯದು.

ಅಲ್ಲಿಂದ ಎರಡು ಕಿ.ಮೀ. ದೂರದಲ್ಲಿ ಕ್ಲಾವಾ ಕೇರ್ನ್ಸ್, ಸುಮಾರು 4,000 ವರ್ಷದ ಕಲ್ಲಿನ ಸಮಾಧಿಗಳು. ಟಿಕೆಟ್ ಇಲ್ಲ. ಅರ್ಧ ಗಂಟೆ ಸಾಕು, ಆಮೇಲೆ ಎ9 ಹಿಡಿಯಿರಿ.

ಸ್ಕೈ ದ್ವೀಪವನ್ನೂ ಇದರೊಳಗೆ ತುರುಕೋಣ ಅಂತ ಮಗ ಹೇಳಿದರೆ ಒಪ್ಪಬೇಡಿ. ಇನ್ವರ್ನೆಸ್‌ನಿಂದ ಆ ದ್ವೀಪದ ಮುಖ್ಯ ಊರು ಪೋರ್ಟ್ರೀಗೆ ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಒಂದು ಇಡೀ ದಿನ ಕಾರಿನಲ್ಲಿ ಕೂತು ಕಳೆದುಹೋಗುತ್ತದೆ, ಮಂಡಿಯೂ ಹಿಡಿದುಕೊಳ್ಳುತ್ತದೆ.

ಬಟ್ಟೆ ವಿಷಯ. ಹಗಲು 15–16 ಡಿಗ್ರಿ ಇರಬಹುದು, ಬೆಳಿಗ್ಗೆ ಅದರ ಅರ್ಧ. ಒಂದು ದಪ್ಪ ಸ್ವೆಟರ್‌ಗಿಂತ ತೆಳ್ಳಗಿನ ಎರಡು, ಮೇಲೆ ನೀರು ಹೀರದ ಜಾಕೆಟ್ ಒಳ್ಳೆಯದು. ಛತ್ರಿ ತರಬೇಡಿ, ಇಲ್ಲಿಯ ಗಾಳಿ ಅದನ್ನು ತಿರುಗಿಸಿ ಹಾಕುತ್ತದೆ. ಮಿಡ್ಜ್ ಎಂಬ ನೊರಜು ಬೇಸಿಗೆಯಲ್ಲಿ ಜೀವ ತಿನ್ನುತ್ತದೆ, ನೀವು ಬರುವಷ್ಟರಲ್ಲಿ ಕಡಿಮೆಯಾಗಿರುತ್ತದೆ. ಗಾಳಿ ಬೀಸುತ್ತಿದ್ದರೆ ಬರುವುದೇ ಇಲ್ಲ, ಗಾಳಿ ನಿಂತ ಸಂಜೆ ಮಾತ್ರ ಎಚ್ಚರ. ಸೂರ್ಯ ಮುಳುಗುವುದು ಏಳೂವರೆ ಸುಮಾರಿಗೆ. ಅದರೊಳಗೆ ಇನ್ವರ್ನೆಸ್ ಸೇರಿಕೊಳ್ಳಿ, ಕತ್ತಲಾದರೆ ಜಿಂಕೆಗಳು ರಸ್ತೆಗೆ ಬರುತ್ತವೆ.

ಮತ್ತೆ, ಮೊಮ್ಮಗಳಿಗೆ ಎರಡು ಜೊತೆ ಕಾಲುಚೀಲ ಜಾಸ್ತಿ ಇಟ್ಟುಕೊಂಡಿರಿ. ಡೋರ್ಸ್‌ನಲ್ಲಿ ಎಷ್ಟು ಹೇಳಿದರೂ ನೀರಿಗೆ ಕಾಲು ಹಾಕಿಯೇ ಹಾಕುತ್ತಾಳೆ.